ನಿಮ್ಮ ಸಿನಿಮಾಗೆ ನೀವೇ ನಿರ್ಮಾಪಕರಾಗುವುದಾದರೆ: ಕಥೆಯ ಹಕ್ಕಿನಿಂದ ಥಿಯೇಟರ್ ಬಾಡಿಗೆವರೆಗೆ

"ಕಥೆ ರೆಡಿ ಇದೆ, ಪ್ರೊಡ್ಯೂಸರ್ ಸಿಗ್ತಿಲ್ಲ. ನಾನೇ ದುಡ್ಡು ಹಾಕಿ ಮಾಡಿದ್ರೆ ಎಷ್ಟಾಗುತ್ತೆ?" ಪದೇ ಪದೇ ಬರುವ ಪ್ರಶ್ನೆ ಇದು. ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು ಕೇಳುವವರೂ ಬಹಳ ಜನ. ಸೆನ್ಸಾರ್ ಅರ್ಜಿಗೆ ಯಾವ ಕಾಗದ ಬೇಕು, ಶೂಟಿಂಗ್ ಮುಗಿದ ದಿನ ಕೈಯಲ್ಲಿ ಎಷ್ಟು ಹಣ ಉಳಿದಿರಬೇಕು ಎಂದು ಕೇಳುವವರು ಮಾತ್ರ ಅಪರೂಪ. ಅರ್ಧಕ್ಕೆ ನಿಂತ ಸಿನಿಮಾಗಳಲ್ಲಿ ಹೆಚ್ಚಿನವು ನಿಂತಿರುವುದು ಈ ಎರಡು ವಿಷಯಗಳಲ್ಲೇ.

ಕನ್ನಡದಲ್ಲಿ ದಾರಿ ಇಲ್ಲ ಅಂತಲ್ಲ. 2013ರಲ್ಲಿ 'ಲೂಸಿಯಾ' ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಎತ್ತಿ ಸಿನಿಮಾ ಮಾಡಿ ತೋರಿಸಿತು. ಮಂಡ್ಯದ ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ತೆಗೆದ 'ಶಿವಮ್ಮ' 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಗೆದ್ದಿತು, ಅದಕ್ಕೆ ಬೆನ್ನಿಗೆ ನಿಂತ ನಿರ್ಮಾಪಕರಿದ್ದರು. ಮೂರರ ಹಣದ ದಾರಿಯೂ ಬೇರೆ ಬೇರೆ. ನಿಮ್ಮದೂ ಬೇರೆಯೇ ಆಗುತ್ತದೆ. ಆದರೆ ದಾಟಬೇಕಾದ ಹಂತಗಳು ಎಲ್ಲರಿಗೂ ಒಂದೇ.

ಇಲ್ಲಿ ಹೇಳುತ್ತಿರುವುದು ಒಂದು ಪೂರ್ಣ ಪ್ರಮಾಣದ ಕನ್ನಡ ಸಿನಿಮಾವನ್ನು ನಿರ್ದೇಶಕರೇ ನಿರ್ಮಿಸುವ ಬಗ್ಗೆ. ಕಿರುಚಿತ್ರಕ್ಕೆ ಇಷ್ಟೆಲ್ಲ ಬೇಕಿಲ್ಲ.

1. ಲೆಕ್ಕವನ್ನು ಕೊನೆಯಿಂದ ಶುರು ಮಾಡಿ

ಹೊಸಬರ ಬಜೆಟ್ ಹಾಳೆಯಲ್ಲಿ ಶೂಟಿಂಗ್‌ಗೆ ನಾಲ್ಕು ಪುಟ ಇರುತ್ತದೆ. ಎಡಿಟಿಂಗ್, ಸೌಂಡ್ ಎಲ್ಲ ಸೇರಿ ಒಂದು ಸಾಲು. ಬಿಡುಗಡೆಗೆ "ಆಮೇಲೆ ನೋಡೋಣ". ಇದನ್ನು ತಲೆಕೆಳಗು ಮಾಡಿ.

ನಿಮ್ಮ ಹತ್ತಿರ ಒಟ್ಟು 60 ಲಕ್ಷ ಇದೆ ಅಂದುಕೊಳ್ಳಿ. ಮೊದಲು ಬಿಡುಗಡೆಗೆ 14 ಲಕ್ಷ ತೆಗೆದಿಡಿ. ಪೋಸ್ಟ್ ಪ್ರೊಡಕ್ಷನ್‌ಗೆ, ಅಂದರೆ ಚಿತ್ರೀಕರಣ ಮುಗಿದ ಮೇಲಿನ ಎಲ್ಲ ಕೆಲಸಕ್ಕೆ, 13 ಲಕ್ಷ. ಅನಿರೀಕ್ಷಿತ ಖರ್ಚಿಗೆ 6 ಲಕ್ಷ. ಉಳಿದ 27 ಲಕ್ಷದಲ್ಲಿ ಶೂಟಿಂಗ್ ಮುಗಿಯುತ್ತದಾ? ಇಲ್ಲ ಅಂದರೆ ಕಥೆಯನ್ನು ಕಡಿಮೆ ಮಾಡಿ, ಬಿಡುಗಡೆಯ ಹಣ ಮುಟ್ಟಬೇಡಿ. ಈ ಹಂಚಿಕೆ ಯಾವ ನಿಯಮಪುಸ್ತಕದಲ್ಲೂ ಇಲ್ಲ, ಇದು ನನ್ನ ಲೆಕ್ಕ. ಆದರೆ ಶೂಟಿಂಗ್ ಅರ್ಧಕ್ಕಿಂತ ಜಾಸ್ತಿ ತಿಂದರೆ ಮುಂದೆ ಕಷ್ಟ ಎಂಬುದು ಖಚಿತ.

ಹಣ ಎಲ್ಲಿಂದ? ಸ್ವಂತದ್ದು, ಸ್ನೇಹಿತರದ್ದು, ಸಣ್ಣ ಹೂಡಿಕೆದಾರರದ್ದು. ಇರುವ ಒಂದೇ ಮನೆ ಅಡವಿಟ್ಟು ಮೊದಲ ಸಿನಿಮಾ ಮಾಡಬೇಡಿ. ಹೋದರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣ ಮಾತ್ರ ಹಾಕಿ.

ಸಾರ್ವಜನಿಕರಿಂದ ಹಣ ಎತ್ತುವಾಗ ಎಚ್ಚರ ಬೇಕು. ಟಿಕೆಟ್, ಪೋಸ್ಟರ್, ತೆರೆಯ ಮೇಲೆ ಹೆಸರು ಕೊಡುತ್ತೇನೆ ಎಂದು ಹಣ ಪಡೆಯುವುದು ಒಂದು ಬಗೆ. "ಇಷ್ಟು ಕೊಡಿ, ವರ್ಷಕ್ಕೆ ಇಷ್ಟು ವಾಪಸ್ ಕೊಡ್ತೀನಿ" ಎಂದು ಊರಿಗೆಲ್ಲ ಹೇಳುವುದು ಪೂರ್ತಿ ಬೇರೆ. ಅದು ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಗೆ ಸಿಕ್ಕಿಕೊಳ್ಳಬಹುದು. ಕಂಪನಿ ಮಾಡಿಕೊಂಡು ಷೇರು ಕೊಡುವುದಾದರೂ ಒಂದು ಆರ್ಥಿಕ ವರ್ಷದಲ್ಲಿ 200 ಜನರ ಮಿತಿ ಇದೆ. ಹಣ ಕೇಳುವ ಮೊದಲೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ.

ಹೂಡಿಕೆದಾರರ ಜೊತೆಗಿನ ಕರಾರಿನಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ: ಮೊದಲ ರೂಪಾಯಿ ಬಂದಾಗ ಅದು ಯಾರಿಗೆ ಹೋಗುತ್ತದೆ? ವಿತರಣೆ ಖರ್ಚು, ಆಮೇಲೆ ಹೂಡಿಕೆದಾರರ ಅಸಲು, ಆಮೇಲೆ ನಿಮ್ಮ ಸಂಭಾವನೆ, ಉಳಿದದ್ದು ಲಾಭ, ಹೀಗೆ ಸರದಿ ಬರೆದಿಡಿ. ಜಗಳ ಹುಟ್ಟುವುದು ಶೇಕಡಾವಾರಿನಿಂದಲ್ಲ, ಈ ಸರದಿಯಿಂದ.

2. ಕಥೆ ನಿಮ್ಮದು ಅಂತ ಕಾಗದದಲ್ಲಿ ಇದೆಯಾ?

ಕಾದಂಬರಿ ಅಥವಾ ಸಣ್ಣಕಥೆಯಿಂದ ಸಿನಿಮಾ ಮಾಡುವುದಾದರೆ ಲಿಖಿತ ಹಕ್ಕು ಬೇಕು. ಲೇಖಕರು ತೀರಿಹೋಗಿದ್ದಾರೆ ಎಂದ ಮಾತ್ರಕ್ಕೆ ಕಥೆ ಎಲ್ಲರದ್ದಾಗುವುದಿಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಹಾಗಾಗಿ ಅವರ ಬರವಣಿಗೆಯ ಹಕ್ಕು 2054ರ ಕೊನೆಯವರೆಗೆ ಇರುತ್ತದೆ.

"ಅವರು ಫೋನಲ್ಲಿ ಹೂಂ ಅಂದಿದ್ದಾರೆ" ಎನ್ನುವುದು ಹಕ್ಕಲ್ಲ. ಬರವಣಿಗೆಯಲ್ಲಿ ಆದರೂ ಎರಡು ಗುಂಡಿಗಳಿವೆ. ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ, ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕಥೆ ಹಕ್ಕು ತೆಗೆದುಕೊಂಡು, ಚಿತ್ರಕಥೆ ಬರೆದು, ಹಣ ಹೊಂದಿಸಿ, ಸಿನಿಮಾ ಮುಗಿಸುವಷ್ಟರಲ್ಲಿ 5 ವರ್ಷ ಸಲೀಸಾಗಿ ಕಳೆಯುತ್ತದೆ. ಆಮೇಲೆ ಒಟಿಟಿಯವರು ಜಗತ್ತಿನಾದ್ಯಂತದ ಹಕ್ಕಿನ ಕಾಗದ ಕೇಳಿದಾಗ ಮತ್ತೆ ಲೇಖಕರ ಮನೆ ಬಾಗಿಲಿಗೆ ಹೋಗಬೇಕು. ಅವಧಿ, ಪ್ರದೇಶ, ಡಬ್ಬಿಂಗ್, ರೀಮೇಕ್, ವೆಬ್ ಸರಣಿ ಎಲ್ಲವನ್ನೂ ಹೆಸರಿಸಿ ಬರೆಸಿಕೊಳ್ಳಿ.

ಇನ್ನೊಂದು ಮಾತು, ಇದು ತುಂಬಾ ನಿರ್ದೇಶಕರಿಗೆ ಗೊತ್ತಿರುವುದಿಲ್ಲ. ಕಾನೂನಿನ ಕಣ್ಣಲ್ಲಿ ಸಿನಿಮಾದ ಹಕ್ಕುದಾರರು ನಿರ್ದೇಶಕರಲ್ಲ, ನಿರ್ಮಾಪಕರು. ಸಿನಿಮಾ ಮಾಡಲು ಮುಂದಾಗಿ ಹೊಣೆ ಹೊತ್ತವರು ಯಾರೋ ಅವರು. ಕಥೆ, ನಿರ್ದೇಶನ, ಮುಕ್ಕಾಲು ಪಾಲು ಹಣ ಎಲ್ಲ ನಿಮ್ಮದಾಗಿದ್ದು, ಬ್ಯಾನರ್, ಅಂದರೆ ನಿರ್ಮಾಣ ಸಂಸ್ಥೆ, ಮಾತ್ರ ಗೆಳೆಯನ ಹೆಸರಲ್ಲಿದ್ದರೆ, ನಾಳೆ ನಿಮ್ಮ ಸಿನಿಮಾ ಮಾರುವ ಸಹಿ ಅವನದ್ದು.

ಛಾಯಾಗ್ರಾಹಕರು, ಸಂಕಲನಕಾರರು, ಕಲಾವಿದರು, ಸಂಗೀತ ನಿರ್ದೇಶಕರು, ಎಲ್ಲರಿಂದಲೂ ಶೂಟಿಂಗ್‌ಗೆ ಮೊದಲೇ ಸಹಿ ಆಗಲಿ. ಸಂಬಳ ಇಲ್ಲದೆ ಬಂದ ಗೆಳೆಯರಿಂದಲೂ. ಅದರಲ್ಲೂ ಅವರಿಂದ. ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರ ರಾಯಲ್ಟಿ ಹಕ್ಕನ್ನು 2012ರ ತಿದ್ದುಪಡಿಯ ನಂತರ ನೀವು ಬರೆಸಿಕೊಳ್ಳಲು ಬರುವುದಿಲ್ಲ, ಅದು ಅವರದ್ದೇ. ಅದನ್ನೂ ಬಿಟ್ಟುಕೊಡುತ್ತೇನೆ ಎಂಬ ಸಾಲು ಇರುವ ಹಳೆಯ ನಮೂನೆಗಳು ಇನ್ನೂ ಓಡಾಡುತ್ತಿವೆ, ನೋಡಿಕೊಳ್ಳಿ.

3. ಬ್ಯಾನರ್ ಮತ್ತು ಟೈಟಲ್

ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ, ಎಲ್ಲರೂ ಫಿಲ್ಮ್ ಚೇಂಬರ್ ಎನ್ನುವುದು ಇದನ್ನೇ, ಬ್ಯಾನರ್ ನೋಂದಾಯಿಸಿ ಟೈಟಲ್‌ಗೆ ಅರ್ಜಿ ಹಾಕಬೇಕು. ಇಷ್ಟಪಟ್ಟ ಹೆಸರು ಬೇರೆಯವರ ಬಳಿ ಇರುವುದು ಮಾಮೂಲು. ಎರಡು ಮೂರು ಹೆಸರು ಇಟ್ಟುಕೊಂಡೇ ಹೋಗಿ. ಟೈಟಲ್ ಕೈಗೆ ಬರುವ ಮೊದಲೇ ಫೇಸ್‌ಬುಕ್‌ನಲ್ಲಿ ಪೋಸ್ಟರ್ ಬಿಡುವ ಚಪಲ ಬೇಡ.

ಜೊತೆಗೆ ಸಿನಿಮಾಗೆಂದೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸಂಭಾವನೆ ಕೊಡುವಾಗ ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿಡಿಎಸ್, ಮಾಡಬೇಕಾಗುತ್ತದೆ. ವೃತ್ತಿಪರರ ಸಂಭಾವನೆಗೆ ಅದು ಸಾಮಾನ್ಯವಾಗಿ ಶೇ 10. "1 ಲಕ್ಷ ಅಂದಿದ್ರಿ, 90 ಸಾವಿರ ಬಂದಿದೆ" ಎಂಬ ಮಾತು ಬರದಂತೆ ಮೊದಲೇ ತಿಳಿಸಿ.

4. ಚಿತ್ರಕಥೆಯನ್ನು ದಿನಗಳಾಗಿ ಒಡೆಯಿರಿ

ಪ್ರತಿ ದೃಶ್ಯಕ್ಕೂ ಜಾಗ, ಪಾತ್ರಗಳು, ಹಗಲೋ ರಾತ್ರಿಯೋ, ಬೇಕಾದ ಸಾಮಾನು, ಎಲ್ಲ ಬರೆದು ಪಟ್ಟಿ ಮಾಡಿ. ನಿರ್ಮಾಪಕರ ಕಣ್ಣಿಂದ ಚಿತ್ರಕಥೆ ಓದುವುದು ಅಂದರೆ ಇದೇ. ದುಬಾರಿ ಆಗುವುದು ಮೂರು: ಜಾಗ ಬದಲಾವಣೆ, ರಾತ್ರಿ, ಜನಸಂದಣಿ. ಒಂದೇ ಹಳ್ಳಿಯಲ್ಲಿ ಕಥೆಯ ಮುಕ್ಕಾಲು ಭಾಗ ಮುಗಿಯುವಂತಿದ್ದರೆ ನಿಮ್ಮ ಅರ್ಧ ತಲೆನೋವು ಕಳೆಯಿತು. ಜಾತ್ರೆ ಬೇಕಿದ್ದರೆ ನಿಜವಾದ ಜಾತ್ರೆಯ ದಿನಕ್ಕೆ ಕಾದು, ಊರಿನವರ ಒಪ್ಪಿಗೆ ಪಡೆದು, ಸಣ್ಣ ತಂಡದೊಂದಿಗೆ ಹೋಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಹೊರಾಂಗಣ ಶೂಟಿಂಗ್ ಇಟ್ಟುಕೊಳ್ಳುವುದಾದರೆ ಮಳೆ ಕಥೆಯಲ್ಲೇ ಇರಬೇಕು. ಆಷಾಢದಲ್ಲಿ ಮುಹೂರ್ತ ಇಡುವವರು ಕಡಿಮೆ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಆಗ ಕ್ಯಾಮೆರಾ, ಲೈಟ್ ಬಾಡಿಗೆಯವರ ಹತ್ತಿರ ಚೌಕಾಸಿ ಮಾಡಿ ನೋಡಿ.

5. ಅನುಮತಿಗಳು: ಎತ್ತು, ಮಗು, ಡ್ರೋನ್

ಹಳ್ಳಿ ಕಥೆ ಮಾಡುವವರು ಸೆನ್ಸಾರ್‌ನಲ್ಲಿ ಮುಗ್ಗರಿಸುವುದು ಬೈಗುಳಕ್ಕಿಂತ ಹೆಚ್ಚಾಗಿ ಎತ್ತು, ಕೋಳಿ, ನಾಯಿಯಿಂದ. ಪ್ರಾಣಿಯನ್ನು ನಟನೆಗೆ ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಶೂಟಿಂಗ್‌ಗೆ ಮೊದಲೇ ಅರ್ಜಿ ಹೋಗಬೇಕು. 2001ರ ನಿಯಮಗಳಲ್ಲೇ ಇದು ಇದೆ. ಮುಗಿದ ಮೇಲೆ ಅವರ ನಿರಾಕ್ಷೇಪಣಾ ಪತ್ರ ಸೆನ್ಸಾರ್ ಅರ್ಜಿ ಜೊತೆ ಇರಬೇಕು. ಗಾಡಿ ಎಳೆಯುವ ಎತ್ತು, ಸಾರಿಗೆ ಕತ್ತರಿಸುವಂತೆ ತೋರಿಸಿದ ಕೋಳಿ, ಎಲ್ಲದಕ್ಕೂ ಪ್ರಶ್ನೆ ಬರುತ್ತದೆ. ಪಶುವೈದ್ಯರ ಪ್ರಮಾಣಪತ್ರ, ಪ್ರಾಣಿಯ ಮಾಲೀಕರ ಒಪ್ಪಿಗೆ, ದೃಶ್ಯ ಹೇಗೆ ತೆಗೆದಿರಿ ಎಂಬ ವಿವರ, ತೆಗೆಯುವಾಗಿನ ವಿಡಿಯೊ, ಎಲ್ಲ ಒಂದು ಫೈಲಿನಲ್ಲಿಡಿ. ಬೀದಿಯಲ್ಲಿ ಸುಮ್ನೆ ಹಾದುಹೋದ ಹಸು ಫ್ರೇಮಿನಲ್ಲಿ ಬಂದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಶೂಟಿಂಗ್ ಆದ ಮೇಲೆ ಅನುಮತಿ ಕೇಳಿದರೆ ದೃಶ್ಯವನ್ನೇ ಕಳೆದುಕೊಳ್ಳುವ ಸಾಧ್ಯತೆ ಇದೆ.

ಮಕ್ಕಳಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಜಿಲ್ಲಾಧಿಕಾರಿಗಳ, ಅನುಮತಿ ಬೇಕು. ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ವಿಶ್ರಾಂತಿ ಇಲ್ಲದೆ ಸತತ 3 ಗಂಟೆಗಿಂತ ಹೆಚ್ಚು ಕೂಡದು. ಸತತ 27 ದಿನ ದಾಟುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ 20 ಭಾಗ ಮಗುವಿನ ಹೆಸರಲ್ಲಿ ಬ್ಯಾಂಕ್ ಠೇವಣಿಯಾಗಬೇಕು. ಮಗು ಮುಖ್ಯ ಪಾತ್ರವಾಗಿದ್ದರೆ ಈ 5 ಗಂಟೆಯೇ ನಿಮ್ಮ ಇಡೀ ವೇಳಾಪಟ್ಟಿಯನ್ನು ಬದಲಿಸುತ್ತದೆ.

ಹಂಪಿ, ಪಟ್ಟದಕಲ್ಲಿನಂಥ ಸ್ಮಾರಕಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆ, ಕಾಡಿಗೆ ಅರಣ್ಯ ಇಲಾಖೆ, ಸ್ಟೇಷನ್‌ಗೆ ರೈಲ್ವೆ, ರಸ್ತೆಗೆ ಪೊಲೀಸರು. ಡ್ರೋನ್‌ಗೆ 2021ರ ನಿಯಮಗಳಿವೆ, ಆ ಜಾಗ ಹಸಿರು, ಹಳದಿ, ಕೆಂಪು ವಲಯದಲ್ಲಿ ಯಾವುದರಲ್ಲಿದೆ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿ.

6. ಶೂಟಿಂಗ್

ಇದರ ಬಗ್ಗೆ ಎಲ್ಲೆಲ್ಲೂ ಸಿಗುತ್ತದೆ, ಹಾಗಾಗಿ ಜನ ಮರೆಯುವ ನಾಲ್ಕು ಮಾತು ಮಾತ್ರ.

ಕ್ಯಾಮೆರಾಗೆ ಕೊಟ್ಟ ಮರ್ಯಾದೆ ಸೌಂಡಿಗೂ ಕೊಡಿ. ಸಿಂಕ್ ಸೌಂಡ್, ಅಂದರೆ ಸ್ಥಳದಲ್ಲೇ ಮಾತು ಮುದ್ರಿಸುವುದು, ಹೊಸ ನಟರಿಗೆ ಮತ್ತು ಪ್ರಾದೇಶಿಕ ಮಾತಿಗೆ ಒಳ್ಳೆಯದು. ಕೊಪ್ಪಳದ ಅಜ್ಜಿಯನ್ನು ಆರು ತಿಂಗಳ ನಂತರ ಬೆಂಗಳೂರಿನ ಸ್ಟುಡಿಯೊದಲ್ಲಿ ನಿಲ್ಲಿಸಿ ಅದೇ ಭಾವದಲ್ಲಿ ಡಬ್ಬಿಂಗ್ ಮಾಡಿಸುವುದು ಆಗುವ ಕೆಲಸವಲ್ಲ.

ಪ್ರತಿ ರಾತ್ರಿ ಅವತ್ತಿನ ಫೂಟೇಜ್ ಮೂರು ಡ್ರೈವ್‌ಗೆ ಹೋಗಬೇಕು, ಮೂರರಲ್ಲಿ ಒಂದು ಬೇರೆ ಕಟ್ಟಡದಲ್ಲಿ ಇರಬೇಕು. ಕಾರ್ಡ್ ಖಾಲಿ ಮಾಡುವ ಅಧಿಕಾರ ಒಬ್ಬರಿಗೇ ಇರಲಿ.

ಸ್ಟಿಲ್ ಫೋಟೊಗ್ರಾಫರ್ ಬೇಕೇ ಬೇಕು, ಎಲ್ಲ ದಿನ ಅಲ್ಲದಿದ್ದರೂ ಮುಖ್ಯ ದಿನಗಳಿಗೆ. ಚಿತ್ರೋತ್ಸವ, ಪೋಸ್ಟರ್, ಪತ್ರಿಕೆ ಎಲ್ಲರೂ ಕೇಳುವುದು ಸ್ಟಿಲ್. ಸಿನಿಮಾದ ಫ್ರೇಮ್ ಕತ್ತರಿಸಿ ಕೊಟ್ಟರೆ ಅದು ಮಸುಕಾಗಿಯೇ ಕಾಣುತ್ತದೆ.

ಬಾಟಾ, ಅಂದರೆ ದಿನದ ಭತ್ಯೆ, ಮತ್ತು ಊಟ ಹೊತ್ತಿಗೆ ಸರಿಯಾಗಿ ಆಗಲಿ. ಸಂಭಾವನೆ ತಡವಾದರೆ ಯೂನಿಟ್ ಸಹಿಸಿಕೊಳ್ಳುತ್ತದೆ, ಬಾಟಾ ತಡವಾದರೆ ಇಲ್ಲ.

7. ಕುಂಬಳಕಾಯಿ ಒಡೆದ ಮೇಲೆ

ಕೊನೆಯ ದಿನ ಕುಂಬಳಕಾಯಿ ಒಡೆದಾಗ ಎಲ್ಲರೂ ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಸಿನಿಮಾ ಅರ್ಧ ಆಗಿದೆ ಅಷ್ಟೇ. ಪೋಸ್ಟ್‌ನಲ್ಲಿ ಕ್ರಮ ಹೀಗೆ: ಸಂಕಲನ ಪೂರ್ತಿ ಮುಗಿದು ಬೀಗ ಬೀಳಬೇಕು, ಆಮೇಲೆ ಡಬ್ಬಿಂಗ್ ಬೇಕಿದ್ದರೆ ಅದು, ಫೋಲಿ (ಹೆಜ್ಜೆ, ಬಟ್ಟೆ, ಪಾತ್ರೆಗಳ ಸದ್ದನ್ನು ಸ್ಟುಡಿಯೊದಲ್ಲಿ ಮಾಡಿ ಸೇರಿಸುವುದು), ಹಿನ್ನೆಲೆ ಸಂಗೀತ, ಮಿಕ್ಸಿಂಗ್, ಬಣ್ಣ ಹೊಂದಿಸುವ ಡಿಐ, ಸಬ್‌ಟೈಟಲ್, ಕೊನೆಗೆ ಡಿಸಿಪಿ. ಡಿಸಿಪಿ ಎಂದರೆ ಥಿಯೇಟರ್‌ನ ಪ್ರೊಜೆಕ್ಟರ್‌ಗೆ ಬೇಕಾದ ರೂಪದಲ್ಲಿರುವ ಸಿನಿಮಾ ಫೈಲುಗಳ ಕಟ್ಟು. ಬೀಗ ಬಿದ್ದ ಮೇಲೆ "ಇನ್ನೊಂದು ಶಾಟ್ ತೆಗೆದುಬಿಡೋಣ" ಎಂದರೆ ಸೌಂಡ್, ಸಂಗೀತ, ಬಣ್ಣ ಮೂರರಲ್ಲೂ ಖರ್ಚು ಏಳುತ್ತದೆ. ಅದಕ್ಕೇ ಬೀಗ ಹಾಕುವ ಮೊದಲು ನಿಮ್ಮ ಪರಿಚಯವೇ ಇಲ್ಲದ ಹತ್ತು ಜನರಿಗೆ ಸಿನಿಮಾ ತೋರಿಸಿ.

ಟೀ ಅಂಗಡಿ ದೃಶ್ಯದಲ್ಲಿ ರೇಡಿಯೊದಿಂದ ಹಳೆಯ ಹಾಡು ಕೇಳಿಸುತ್ತಿದೆಯಾ? ಹತ್ತು ಸೆಕೆಂಡ್ ಆದರೂ ಹಕ್ಕು ಬೇಕು. "ಇಷ್ಟು ಸೆಕೆಂಡ್‌ವರೆಗೆ ಫ್ರೀ" ಎಂಬ ನಿಯಮ ಕಾಯ್ದೆಯಲ್ಲಿ ಇಲ್ಲ, ಜನರ ಬಾಯಲ್ಲಿ ಮಾತ್ರ ಇದೆ. ನಿಮ್ಮ ಸಂಗೀತ ನಿರ್ದೇಶಕರಿಂದಲೇ ಹಳೆಯ ಧಾಟಿಯ ಒಂದು ಹೊಸ ತುಣುಕು ಮಾಡಿಸಿ ಹಾಕಿ.

ಮಿಕ್ಸಿಂಗ್ ಸಮಯದಲ್ಲೇ ಮಾತು ಬಿಟ್ಟು ಉಳಿದ ಸದ್ದು ಮತ್ತು ಸಂಗೀತದ ಪ್ರತ್ಯೇಕ ಟ್ರ್ಯಾಕ್ ತೆಗೆಸಿಟ್ಟುಕೊಳ್ಳಿ. ಬೇರೆ ಭಾಷೆಗೆ ಡಬ್ಬಿಂಗ್ ಹಕ್ಕು ಮಾರಲು ಅದು ಬೇಕು. ಸಬ್‌ಟೈಟಲ್ ಕೆಲಸವನ್ನು ಯಂತ್ರಕ್ಕೆ ಬಿಡಬೇಡಿ. ಧಾರವಾಡದ ವ್ಯಂಗ್ಯವೋ ಮಂಡ್ಯದ ಬೈಗುಳವೋ ಅಲ್ಲಿ ಸತ್ತುಹೋಗುತ್ತದೆ, ಆಯ್ಕೆ ಸಮಿತಿಯವರು ನಿಮ್ಮ ಸಿನಿಮಾ ನೋಡುವುದು ಆ ಸಾಲುಗಳ ಮೂಲಕ.

8. ಚಿತ್ರೋತ್ಸವ ಮೊದಲು, ಬಿಡುಗಡೆ ಆಮೇಲೆ

ಎಲ್ಲ ಸಿನಿಮಾಕ್ಕೂ ಚಿತ್ರೋತ್ಸವ ಬೇಕಿಲ್ಲ. ಪಕ್ಕಾ ಹಾಸ್ಯ ಅಥವಾ ಥ್ರಿಲ್ಲರ್ ಮಾಡಿದ್ದರೆ ಒಂದು ವರ್ಷ ಕಾಯುವುದು ವ್ಯರ್ಥ. ಬೇಕು ಎನಿಸಿದರೆ ಪ್ರೀಮಿಯರ್ ನಿಯಮ ತಿಳಿದಿರಲಿ. ದೊಡ್ಡ ಉತ್ಸವಗಳು ಸಾಮಾನ್ಯವಾಗಿ ಬೇರೆಲ್ಲೂ ತೋರಿಸದ ಸಿನಿಮಾವನ್ನೇ ಬಯಸುತ್ತವೆ. ದುಡ್ಡು ಕಟ್ಟಿದರೆ ಪ್ರಶಸ್ತಿ ಕೊಡುವ ಹೆಸರಿಲ್ಲದ ಯಾವುದೋ ಆನ್‌ಲೈನ್ ಉತ್ಸವಕ್ಕೆ ಮೊದಲು ಕೊಟ್ಟರೆ ದೊಡ್ಡ ಬಾಗಿಲು ಮುಚ್ಚಬಹುದು. ಪೋಸ್ಟರ್ ತುಂಬ ಇಂಥ ಉತ್ಸವಗಳು ಕೊಡುವ ಎಲೆಗಳ ಚಿಹ್ನೆ ಅಂಟಿಸಿಕೊಂಡರೆ ಯಾರೂ ಟಿಕೆಟ್ ಕೊಳ್ಳುವುದಿಲ್ಲ, ಅಲ್ವಾ?

ಕ್ಯಾಲೆಂಡರ್ ಹೀಗೆ ಇಟ್ಟುಕೊಳ್ಳಿ: ವರ್ಷದ ಶುರುವಿಗೆ ರಾಟರ್ಡ್ಯಾಮ್ ಮತ್ತು ಬರ್ಲಿನ್, ಮೇನಲ್ಲಿ ಕಾನ್, ಆಗಸ್ಟ್‌ನಲ್ಲಿ ಲೊಕಾರ್ನೊ, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬೂಸಾನ್. ನವೆಂಬರ್‌ನಲ್ಲಿ ಗೋವಾದಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಫಿಲ್ಮ್ ಬಜಾರ್ (ಈಗ ವೇವ್ಸ್ ಫಿಲ್ಮ್ ಬಜಾರ್) ನಡೆಯುತ್ತದೆ. ಇನ್ನೂ ಮುಗಿಯದ ಸಿನಿಮಾಗಳನ್ನು ವಿದೇಶಿ ಉತ್ಸವಗಳವರಿಗೆ, ಕೊಳ್ಳುವವರಿಗೆ ತೋರಿಸುವ ವಿಭಾಗಗಳು ಅಲ್ಲಿವೆ. ಒರಟು ಸಂಕಲನ ಕೈಯಲ್ಲಿದ್ದಾಗಲೇ ಅರ್ಜಿ ಹಾಕಿ. ನಮ್ಮಲ್ಲೇ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಸ್ಪರ್ಧಾ ವಿಭಾಗವಿದೆ. ಪ್ರವೇಶ ಶುಲ್ಕಕ್ಕೆ ಒಂದು ಮಿತಿ ಹಾಕಿಕೊಳ್ಳಿ, ಹತ್ತು ಒಳ್ಳೆಯ ಉತ್ಸವ ಸಾಕು.

9. ಸೆನ್ಸಾರ್

ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಅರ್ಜಿ ಹೋಗುವುದು ಇ-ಸಿನೆಪ್ರಮಾಣ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ನೀವೇ ಮಾಡಬಹುದು, ಕೂತು ಓದುವ ತಾಳ್ಮೆ ಇದ್ದರೆ ಏಜೆಂಟ್ ಬೇಕಾಗುವುದಿಲ್ಲ.

2023ರ ತಿದ್ದುಪಡಿಯ ನಂತರ ಯುಎ (ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು) ಎಂಬ ಒಂದೇ ವರ್ಗ ಈಗ ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಪ್ರಮಾಣಪತ್ರಕ್ಕೆ ಮೊದಲಿದ್ದ 10 ವರ್ಷದ ಮಿತಿ ಹೋಗಿ, ಈಗ ಅದು ಶಾಶ್ವತ. 'ಎ' (ವಯಸ್ಕರಿಗೆ ಮಾತ್ರ) ಸಿಕ್ಕರೆ ಟಿವಿಗೆ ಮಾರಲು ಮತ್ತೆ ಬದಲಾಯಿಸಿ ಪ್ರಮಾಣಪತ್ರ ಪಡೆಯಬೇಕು, ಹಾಗಾಗಿ ಟಿವಿ ಹಕ್ಕಿನ ಮೇಲೆ ಆಸೆ ಇದ್ದರೆ ಆ ದೃಶ್ಯಗಳ ಬಗ್ಗೆ ಮೊದಲೇ ಯೋಚಿಸಿ. ಬೀಡಿ, ಸಿಗರೇಟ್ ಇದ್ದರೆ ಶುರುವಿನಲ್ಲಿ ಮತ್ತು ಮಧ್ಯದಲ್ಲಿ ತಂಬಾಕು ವಿರೋಧಿ ತುಣುಕು, ಸೇದುವಾಗ ಕೆಳಗೆ ಎಚ್ಚರಿಕೆ ಸಾಲು ಕಡ್ಡಾಯ.

ಪರಿಶೀಲನಾ ಸಮಿತಿ ಹೇಳಿದ ಕತ್ತರಿ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನಾ ಸಮಿತಿಗೆ ಹೋಗಬಹುದು. ಅದರ ಮೇಲೆ ಇದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ತೆಗೆದುಹಾಕಲಾಗಿದೆ. ಈಗ ಉಳಿದಿರುವುದು ಹೈಕೋರ್ಟ್. ಹಾಗಾಗಿ ಪ್ರಮಾಣಪತ್ರ ಕೈಗೆ ಬರುವ ಮುಂಚೆ ಬಿಡುಗಡೆ ದಿನ ಘೋಷಿಸಬೇಡಿ. ದಿನ ಹತ್ತಿರ ಬಂದಾಗ ಎಂಥ ಕತ್ತರಿಯನ್ನಾದರೂ ಒಪ್ಪಿಕೊಳ್ಳುತ್ತೀರಿ. ಥಿಯೇಟರ್‌ನಲ್ಲಿ ಹಾಕುವ ಟ್ರೇಲರ್‌ಗೂ ಪ್ರಮಾಣಪತ್ರ ಬೇಕು, ಮರೆಯಬೇಡಿ.

10. ಬಿಡುಗಡೆಯ ಗಣಿತ

200 ರೂಪಾಯಿಯ ಒಂದು ಟಿಕೆಟ್ ತೆಗೆದುಕೊಳ್ಳಿ. ಅದರಲ್ಲಿ ಶೇ 18 ಜಿಎಸ್‌ಟಿ ಸೇರಿದೆ (100 ರೂಪಾಯಿವರೆಗಿನ ಟಿಕೆಟ್‌ಗೆ 2025ರ ಸೆಪ್ಟೆಂಬರ್‌ನಿಂದ ಶೇ 5). ತೆರಿಗೆ ಕಳೆದರೆ ಸುಮಾರು 170. ಥಿಯೇಟರ್ ಜೊತೆ ಅರ್ಧರ್ಧ ಎಂದುಕೊಂಡರೆ 85. ವಿತರಕರ ಕಮಿಷನ್ ಶೇ 10 ಎಂದರೆ ಉಳಿದದ್ದು 76. ನಿಮ್ಮ 60 ಲಕ್ಷ ವಾಪಸ್ ಬರಲು ಹೆಚ್ಚುಕಡಿಮೆ 79 ಸಾವಿರ ಟಿಕೆಟ್ ಮಾರಬೇಕು. ಈ ಲೆಕ್ಕವನ್ನು ಕಥೆ ಬರೆಯುವಾಗಲೇ ಗೋಡೆಗೆ ಅಂಟಿಸಿಕೊಳ್ಳಿ.

ಮಲ್ಟಿಪ್ಲೆಕ್ಸ್‌ಗಳಲ್ಲಿ ಶೇಕಡಾವಾರು ಹಂಚಿಕೆ, ವಾರ ಕಳೆದಂತೆ ನಿಮ್ಮ ಪಾಲು ಇಳಿಯುತ್ತದೆ. ಒಂಟಿ ಪರದೆ ಥಿಯೇಟರ್‌ಗಳಲ್ಲಿ ಬಾಡಿಗೆ ಪದ್ಧತಿ ಇನ್ನೂ ಇದೆ: ಜನ ಬರಲಿ ಬಿಡಲಿ, ವಾರದ ಬಾಡಿಗೆ ನಿಮ್ಮದೇ. ಮೊದಲ ಸಿನಿಮಾಗೆ ಗಾಂಧಿನಗರದ ದೊಡ್ಡ ಥಿಯೇಟರ್ ಮುಂದೆ ಕಟೌಟ್ ನಿಲ್ಲಿಸುವ ಆಸೆ ಅರ್ಥವಾಗುತ್ತದೆ, ಆದರೆ ಆ ಬಾಡಿಗೆಯಲ್ಲಿ ಹತ್ತು ಊರಲ್ಲಿ ಪ್ರಚಾರ ಮಾಡಬಹುದು. ಇವುಗಳ ಜೊತೆಗೆ ಯುಎಫ್‌ಒ, ಕ್ಯೂಬ್‌ನಂಥ ಡಿಜಿಟಲ್ ಪ್ರದರ್ಶನ ಕಂಪನಿಗಳ ಶುಲ್ಕವೂ ಇದೆ. ಅದು ಪರದೆಗಳ ಲೆಕ್ಕದಲ್ಲಿ ಬೀಳುವುದರಿಂದ ಖಾಲಿ ಶೋ ಕೂಡ ಹಣ ತಿನ್ನುತ್ತದೆ.

ವಿತರಕರು ಮಾತಾಡುವಾಗ ಬಿಕೆಟಿ ಎಂದರೆ ಬೆಂಗಳೂರು, ಕೋಲಾರ, ತುಮಕೂರು ಪ್ರದೇಶ. ಹೀಗೆ ರಾಜ್ಯವನ್ನು ಭಾಗ ಮಾಡಿ ಹಕ್ಕು ಕೊಡುತ್ತಾರೆ. ಎಲ್ಲ ಕಡೆ ಒಂದೇ ದಿನ ಬರಬೇಕೆಂದಿಲ್ಲ. ಕಥೆ ನಡೆಯುವ ಜಿಲ್ಲೆ ಮತ್ತು ಬೆಂಗಳೂರಿನ ಕೆಲವೇ ಪರದೆ, ಸಂಜೆ ಶೋ ಸಿಗುವಂತೆ ಹಟ ಹಿಡಿಯಿರಿ. ಬೆಳಿಗ್ಗೆ 10ರ ಶೋ ಕೊಟ್ಟು "ಜನ ಬರಲಿಲ್ಲ" ಎಂದು ಸೋಮವಾರ ತೆಗೆದುಹಾಕುವುದು ನಡೆಯುತ್ತಲೇ ಇರುತ್ತದೆ. ಐಪಿಎಲ್, ಪರೀಕ್ಷೆ, ದೊಡ್ಡ ನಟರ ಬಿಡುಗಡೆ ಇರುವ ವಾರ ಬಿಡಿ. ಅಮೆರಿಕ, ಯುರೋಪಿನ ಕನ್ನಡ ಕೂಟಗಳ ಜೊತೆ ನೇರವಾಗಿ ಮಾತಾಡಿ ವಾರಾಂತ್ಯದ ಪ್ರದರ್ಶನ ಇಡಬಹುದು. ಅದು ಸಣ್ಣ ಮೊತ್ತವೇ, ಆದರೆ ಬೇಗ ಬರುತ್ತದೆ.

11. ಥಿಯೇಟರ್ ನಂತರ

ಒಟಿಟಿ ಮೇಲೆ ಬಜೆಟ್ ಕಟ್ಟಬೇಡಿ. ದೊಡ್ಡ ಹೆಸರಿಲ್ಲದ ಕನ್ನಡ ಸಿನಿಮಾವನ್ನು ಒಂದೇ ಮೊತ್ತಕ್ಕೆ ಕೊಳ್ಳುವುದು ಈಗ ಅಪರೂಪ. ನೋಡಿದಷ್ಟಕ್ಕೆ ಹಣ ಎಂಬ ಕರಾರೇ ಹೆಚ್ಚು. 2024ರಲ್ಲಿ ನಟ ರಕ್ಷಿತ್ ಶೆಟ್ಟಿ ಬೆನ್ನಿಗಿದ್ದ 'ಏಕಂ' ವೆಬ್ ಸರಣಿಯನ್ನು ತಂಡದವರು ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರಿದ್ದವರಿಗೇ ಹೀಗಾದರೆ ನಿಮಗೂ ನನಗೂ ಏನು?

ಯಾವ ಕರಾರಾದರೂ "ಎಲ್ಲ ಹಕ್ಕು, ಎಲ್ಲ ಕಾಲಕ್ಕೂ" ಎಂಬ ಸಾಲಿಗೆ ಸಹಿ ಹಾಕಬೇಡಿ. ಅವಧಿ, ಭಾಷೆ, ಮಾಧ್ಯಮ ಬೇರೆ ಬೇರೆ ಮಾಡಿ. ಟಿವಿ, ಒಟಿಟಿ, ಹಿಂದಿ ಡಬ್ಬಿಂಗ್, ಆಡಿಯೊ, ವಿಮಾನದೊಳಗಿನ ಪ್ರದರ್ಶನ, ಪ್ರತಿಯೊಂದೂ ಬೇರೆ ಸರಕು. ಯಾರಿಗೆ ಯಾವುದು ಯಾವತ್ತಿನವರೆಗೆ ಕೊಟ್ಟಿದ್ದೀರಿ ಎಂಬ ಒಂದು ಪಟ್ಟಿ ಇಟ್ಟುಕೊಳ್ಳಿ.

ರಾಜ್ಯ ಸರ್ಕಾರದ ಸಬ್ಸಿಡಿಗೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಅರ್ಜಿ ಕರೆಯುತ್ತದೆ. ಆಯ್ಕೆ ಸಮಿತಿ ಸಿನಿಮಾ ನೋಡಿ ನಿರ್ಧರಿಸುತ್ತದೆ. ಪ್ರಕಟಣೆ ಬಂದಾಗ ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ. ಆದರೆ ಹಣ ಕೈಗೆ ಬರಲು ವರ್ಷಗಳೇ ಹಿಡಿದ ಉದಾಹರಣೆಗಳಿವೆ, ಹಾಗಾಗಿ ಬಜೆಟ್‌ನಲ್ಲಿ ಅದಕ್ಕೆ ಸೊನ್ನೆ ಬರೆಯಿರಿ. ಬಡ್ಡಿಗೆ ಸಾಲ ತಂದು "ಸಬ್ಸಿಡಿ ಬಂದ ತಕ್ಷಣ ತೀರಿಸ್ತೀನಿ" ಎಂದವರು ಬಡ್ಡಿಯನ್ನಷ್ಟೇ ಕಟ್ಟುತ್ತಾ ಕೂತಿದ್ದಾರೆ. ರಾಷ್ಟ್ರ ಮತ್ತು ರಾಜ್ಯ ಪ್ರಶಸ್ತಿಗೂ ಸೆನ್ಸಾರ್ ಪ್ರಮಾಣಪತ್ರದ ವರ್ಷವೇ ಲೆಕ್ಕ. ಡಿಸೆಂಬರ್ ಕೊನೆಯಲ್ಲಿ ಪ್ರಮಾಣಪತ್ರ ಪಡೆಯುವವರು ಯಾವ ವರ್ಷದ ಪೈಪೋಟಿಗೆ ಸೇರುತ್ತೀರಿ ಎಂದು ನೋಡಿಕೊಳ್ಳಿ.

ಹಣ ಹಾಕಿದವರಿಗೆ ಆರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಕಳಿಸಿ: ಬಂದದ್ದು, ಹೋದದ್ದು, ಬಾಕಿ ಇರುವ ಹಕ್ಕುಗಳು. ಏನೂ ಬಂದಿಲ್ಲದಿದ್ದರೂ "ಈ ಅವಧಿಯಲ್ಲಿ ಆದಾಯ ಇಲ್ಲ" ಎಂದೇ ಬರೆದು ಕಳಿಸಿ.